ಮನೆಯ ಮೊದಲ ಪದವೀಧರರು ಶಿಕ್ಷಣಶಾಸ್ತ್ರದ ಪಿಎಚ್‌ಡಿಗೆ ಸಿದ್ಧರಾಗುವ ಬಗೆ

ತಂದೆ ತಾಯಿ ಇಬ್ಬರೂ ಕಾಲೇಜಿನ ಮೆಟ್ಟಿಲು ಹತ್ತದ ಮನೆಯಿಂದ ಬಂದು ಪದವಿ ಮುಗಿಸಿದವರಿಗೆ ಡಾಕ್ಟರೇಟ್ ಅಧ್ಯಯನ ದೂರದ ಮಾತೆಂದು ತೋರುವುದು ಬುದ್ಧಿಶಕ್ತಿಯ ಕೊರತೆಯಿಂದಲ್ಲ. ಯಾರಿಗೆ ಯಾವಾಗ ಪತ್ರ ಬರೆಯಬೇಕು, ಮಾರ್ಗದರ್ಶಕರನ್ನು ಏನೆಂದು ಕೇಳಬಹುದು, ಸಂಶೋಧನಾ ಪ್ರಸ್ತಾವನೆಯಲ್ಲಿ ಏನನ್ನು ಬಿಡಬೇಕು ಎಂಬ ಸಂಗತಿಗಳು ಪ್ರವೇಶ ಪ್ರಕಟಣೆಯಲ್ಲಿ ಅಚ್ಚಾಗಿರುವುದಿಲ್ಲ. ಓದಿದವರ ಮನೆಯ ಮಕ್ಕಳಿಗೆ ಅವು ಹಿರಿಯರ ಮಾತಿನ ನಡುವೆ ತಾವಾಗಿಯೇ ಕಿವಿಗೆ ಬಿದ್ದಿರುತ್ತವೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದಿಯು ‘ಸಾಂಸ್ಕೃತಿಕ ಬಂಡವಾಳ’ ಎಂದು ಕರೆದದ್ದರಲ್ಲಿ ಈ ಬಗೆಯ ತಿಳಿವಳಿಕೆಯೂ ಸೇರಿದೆ. ಅದನ್ನು ಕೇಳಿ ಕೇಳಿ ಸಂಪಾದಿಸಬಹುದು. ಮನೆಯ ಮೊದಲ ಪದವೀಧರರು ಮಾಡಿಕೊಳ್ಳಬೇಕಾದ ಸಿದ್ಧತೆಯಲ್ಲಿ ಬಹುಪಾಲು, ಬರೆದಿಡದ ನಿಯಮಗಳನ್ನು ಪ್ರಶ್ನೆಗಳ ರೂಪದಲ್ಲಿ ಬರೆದುಕೊಂಡು ಗೊತ್ತಿರುವವರ ಮುಂದೆ ಸಂಕೋಚವಿಲ್ಲದೆ ಇಡುವುದೇ ಆಗಿದೆ. ಮುಂದಿನ ವಿವರಗಳು ಅಂಥ ಪ್ರಶ್ನೆಗಳಿಗೆ ಒಂದು ಆರಂಭ.

ಯಾವ ಪದವಿ, ಯಾವ ವ್ಯವಸ್ಥೆ

ಶಿಕ್ಷಣ ಕ್ಷೇತ್ರದಲ್ಲಿ ಎರಡು ಬಗೆಯ ಡಾಕ್ಟರೇಟ್‌ಗಳಿವೆ. ಪಿಎಚ್‌ಡಿ ಹೊಸ ಜ್ಞಾನವನ್ನು ಸೇರಿಸುವ ಸಂಶೋಧನೆಗೆ ಸಂಬಂಧಿಸಿದ್ದು. ಇಡಿಡಿ (ಡಾಕ್ಟರ್ ಆಫ್ ಎಜುಕೇಶನ್) ಎಂಬುದು ಶಾಲೆ, ಕಾಲೇಜು ಅಥವಾ ಶಿಕ್ಷಣಾಡಳಿತದಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವವರು ತಮ್ಮ ವೃತ್ತಿಯ ಸಮಸ್ಯೆಯೊಂದನ್ನು ವ್ಯವಸ್ಥಿತವಾಗಿ ಪರಿಶೀಲಿಸುವ ವೃತ್ತಿಪರ ಪದವಿ. 1920ರಲ್ಲಿ ಸ್ಥಾಪನೆಯಾದ ಹಾರ್ವರ್ಡ್‌ನ ಶಿಕ್ಷಣ ವಿಭಾಗ ಅಮೆರಿಕದಲ್ಲಿ ಇಡಿಡಿಯನ್ನು ಮೊದಲು ಆರಂಭಿಸಿತು. ಇವೆರಡರ ನಡುವಿನ ಗೆರೆ ಎಲ್ಲ ಕಡೆಯೂ ಒಂದೇ ಸ್ಪಷ್ಟತೆಯಲ್ಲಿ ಇರುವುದಿಲ್ಲವಾದ್ದರಿಂದ ಪದವಿಯ ಹೆಸರನ್ನು ನಂಬುವುದಕ್ಕಿಂತ ಆ ವಿಭಾಗದಿಂದ ಇತ್ತೀಚೆಗೆ ಹೊರಬಂದವರು ಈಗ ಯಾವ ಹುದ್ದೆಗಳಲ್ಲಿದ್ದಾರೆ ಎಂದು ನೋಡುವುದು ಲೇಸು. ವಿಶ್ವವಿದ್ಯಾಲಯದ ಅಧ್ಯಾಪನ ಗುರಿಯಾಗಿದ್ದರೆ ಪಿಎಚ್‌ಡಿಯೇ ಹೆಚ್ಚು ಸುರಕ್ಷಿತ ಆಯ್ಕೆ. ಶಾಲಾ ಆಡಳಿತದಲ್ಲೇ ಮುಂದುವರಿಯುವ ಇಚ್ಛೆಯಿರುವವರು, ಹೆಸರಿನ ಮುಂದೆ ‘ಡಾ.’ ಬರುತ್ತದೆಂಬ ಕಾರಣಕ್ಕೆ ಸಂಶೋಧನಾ ಪಿಎಚ್‌ಡಿಗೆ ಇಳಿದು ಹಲವು ವರ್ಷಗಳನ್ನು ಕೊಡುವ ಮೊದಲು ಎರಡು ಬಾರಿ ಯೋಚಿಸುವುದು ಒಳ್ಳೆಯದು.

ದೇಶದಿಂದ ದೇಶಕ್ಕೆ ಪಿಎಚ್‌ಡಿಯ ಚೌಕಟ್ಟೇ ಬದಲಾಗುತ್ತದೆ. ಅಮೆರಿಕದಲ್ಲಿ ಮೊದಲ ವರ್ಷಗಳು ನಿಗದಿತ ತರಗತಿಗಳಲ್ಲಿ ಕಲಿಯುವ ಕೋರ್ಸ್‌ವರ್ಕ್‌ನಲ್ಲಿ ಕಳೆಯುತ್ತವೆ, ಆಮೇಲೆ ಅರ್ಹತಾ ಪರೀಕ್ಷೆ, ಅನಂತರವೇ ಮಹಾಪ್ರಬಂಧ. ಹೀಗಾಗಿ ಒಟ್ಟು ಅವಧಿ ಐದು ವರ್ಷ ದಾಟುವುದು ಸಾಮಾನ್ಯ. ಬ್ರಿಟನ್ನಿನಲ್ಲಿ ಪೂರ್ಣಾವಧಿಯ ಪಿಎಚ್‌ಡಿ ಮೂರು ನಾಲ್ಕು ವರ್ಷಗಳದು, ಅರ್ಜಿಯ ಹಂತದಲ್ಲಿಯೇ ಸಂಶೋಧನಾ ಪ್ರಸ್ತಾವನೆ ಕೈಯಲ್ಲಿರಬೇಕು. ಸ್ವೀಡನ್, ನಾರ್ವೆ, ನೆದರ್‌ಲ್ಯಾಂಡ್ಸ್‌ಗಳಲ್ಲಿ ಡಾಕ್ಟರೇಟ್ ಅಭ್ಯರ್ಥಿಗಳು ಬಹುಮಟ್ಟಿಗೆ ಸಂಬಳ ಪಡೆಯುವ ನೌಕರರು. ಅಲ್ಲಿ ಪಿಎಚ್‌ಡಿ ಸ್ಥಾನಗಳು ಉದ್ಯೋಗದ ಜಾಹೀರಾತುಗಳಾಗಿ ಪ್ರಕಟವಾಗುತ್ತವೆ, ಆದ್ದರಿಂದ ಪ್ರವೇಶ ಪ್ರಕಟಣೆಗಳನ್ನಷ್ಟೇ ಹುಡುಕುವವರ ಕಣ್ಣಿಗೆ ಅವು ಬೀಳುವುದೇ ಇಲ್ಲ. ಈ ವ್ಯತ್ಯಾಸ ಸಿದ್ಧತೆಯ ಕ್ರಮವನ್ನೇ ಬದಲಿಸುತ್ತದೆ. ಪ್ರಸ್ತಾವನೆ ಕೇಳುವ ಕಡೆ ಒಂದು ವರ್ಷ ಮುಂಚೆಯೇ ಓದಿ ಪ್ರಶ್ನೆಯನ್ನು ಹದಗೊಳಿಸಬೇಕು. ಕೋರ್ಸ್‌ವರ್ಕ್ ಇರುವ ಕಡೆ ಪ್ರಶ್ನೆ ಸ್ವಲ್ಪ ಸಡಿಲವಾಗಿದ್ದರೂ ನಡೆಯುತ್ತದೆ, ಆದರೆ ಆಸಕ್ತಿಯ ದಿಕ್ಕು ಸ್ಪಷ್ಟವಾಗಿರಬೇಕು.

ಪ್ರವೇಶ ಪರೀಕ್ಷೆಗಳ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ. ಬೇಕಾದ ಅಂಕ ಎಷ್ಟು, ಪರೀಕ್ಷೆ ಕಡ್ಡಾಯವೇ ಅಲ್ಲವೇ ಎಂಬುದನ್ನು ಆಯಾ ವಿಭಾಗದ ಪ್ರಕಟಣೆಯಲ್ಲೇ ಆ ವರ್ಷದ ಮಟ್ಟಿಗೆ ನೋಡಿಕೊಳ್ಳಬೇಕು.

ಬದುಕಿನ ಅನುಭವದಿಂದ ಸಂಶೋಧನಾ ಪ್ರಶ್ನೆಗೆ

ಶಿಕ್ಷಣಶಾಸ್ತ್ರಕ್ಕೆ ಬರುವ ಮೊದಲ ತಲೆಮಾರಿನ ವಿದ್ಯಾರ್ಥಿಗಳಲ್ಲಿ ಅನೇಕರು ತಮ್ಮ ಶಾಲಾ ಅನುಭವವನ್ನೇ ವಿಷಯವಾಗಿ ಆರಿಸಿಕೊಳ್ಳುತ್ತಾರೆ. ಅದು ತಪ್ಪಲ್ಲ, ಒಳಗಿನಿಂದ ಕಂಡವರಿಗಷ್ಟೇ ಹೊಳೆಯುವ ಪ್ರಶ್ನೆಗಳಿವೆ. ಆದರೆ ಅನುಭವ ಪ್ರಶ್ನೆಯನ್ನು ಹುಟ್ಟಿಸಬಲ್ಲದೇ ಹೊರತು ಅದೇ ಉತ್ತರವಾಗಲಾರದು. ಪ್ರವೇಶ ಸಮಿತಿಗಳು ತಿರಸ್ಕರಿಸುವ ಪ್ರಸ್ತಾವನೆಗಳಲ್ಲಿ ಸಾಮಾನ್ಯವಾಗಿ ಕಾಣುವ ದೋಷವೆಂದರೆ ತೀರ್ಮಾನ ಮೊದಲೇ ಸಿದ್ಧವಾಗಿರುವುದು: ‘ಬಡ ಮಕ್ಕಳ ಕಲಿಕೆಗೆ ಶಿಕ್ಷಕರ ಧೋರಣೆಯೇ ಅಡ್ಡಿ ಎಂದು ಈ ಅಧ್ಯಯನ ತೋರಿಸುತ್ತದೆ’ ಎಂಬಂತಹ ವಾಕ್ಯಗಳು. ಹೀಗೆ ಬರೆದವರು ಬೇರೆ ಉತ್ತರವೂ ಸಿಗಬಹುದೆಂಬ ಸಾಧ್ಯತೆಯನ್ನು ಉಳಿಸಿಕೊಂಡಿರುವುದಿಲ್ಲ.

ಅನುಭವವನ್ನು ಪ್ರಶ್ನೆಯಾಗಿಸಲು ಒಂದು ಕ್ರಮವಿದೆ. ‘ಮನೆಯಲ್ಲಿ ಓದಿದವರಿಲ್ಲದ ಮಕ್ಕಳು ತರಗತಿಯಲ್ಲಿ ಪ್ರಶ್ನೆ ಕೇಳಲು ಹಿಂಜರಿಯುತ್ತಾರೆ’ ಎಂಬುದು ನಿಮ್ಮ ಅನುಭವವೆಂದು ಇಟ್ಟುಕೊಳ್ಳಿ. ಮೊದಲಿಗೆ ಇದು ನಿಜವೇ ಎಂದು ಕೇಳಬೇಕು: ಹಿಂಜರಿಯುವುದು ಎಲ್ಲ ವಿಷಯಗಳಲ್ಲಿಯೋ, ಭಾಷೆಯ ತರಗತಿಯಲ್ಲಿ ಮಾತ್ರವೋ, ಗಂಡುಮಕ್ಕಳೋ ಹೆಣ್ಣುಮಕ್ಕಳೋ, ಎಷ್ಟನೇ ತರಗತಿಯಿಂದ? ಆಮೇಲೆ, ನಿಜವಾಗಿದ್ದರೆ ಕಾರಣವೇನಿರಬಹುದು ಎಂಬುದಕ್ಕೆ ಕನಿಷ್ಠ ಮೂರು ವಿವರಣೆಗಳನ್ನು ಬರೆಯಬೇಕು, ಅವುಗಳಲ್ಲಿ ಒಂದಾದರೂ ನಿಮಗೆ ಇಷ್ಟವಿಲ್ಲದ್ದಾಗಿರಬೇಕು. ಕೊನೆಯಲ್ಲಿ, ಈ ಮೂರರಲ್ಲಿ ಯಾವುದು ಸರಿಯೆಂದು ತಿಳಿಯಲು ಯಾರನ್ನು ನೋಡಬೇಕು, ಏನನ್ನು ದಾಖಲಿಸಬೇಕು ಎಂದು ಕೇಳಬೇಕು. ಇಷ್ಟು ಮಾಡುವ ಹೊತ್ತಿಗೆ ‘ಹಿಂಜರಿಕೆ’ ಎಂಬ ವಿಶಾಲ ಮಾತು ‘ಆರನೇ ತರಗತಿಯ ಗಣಿತ ಪಾಠದಲ್ಲಿ ಮಕ್ಕಳು ಸಹಾಯ ಕೇಳುವುದು ಯಾವ ಸಂದರ್ಭಗಳಲ್ಲಿ, ಶಿಕ್ಷಕರು ಅದಕ್ಕೆ ಹೇಗೆ ಸ್ಪಂದಿಸುತ್ತಾರೆ’ ಎಂಬ ಕೈಗೆ ಸಿಗುವ ಪ್ರಶ್ನೆಯಾಗಿರುತ್ತದೆ.

ಪ್ರಶ್ನೆ ವಿಧಾನವನ್ನು ಆರಿಸಬೇಕು. ವಿಧಾನ ಪ್ರಶ್ನೆಯನ್ನು ಆರಿಸಬಾರದು. ಅಮೆರಿಕದಲ್ಲಿ ಜೇಮ್ಸ್ ಕೋಲ್‌ಮನ್ ನೇತೃತ್ವದಲ್ಲಿ 1966ರಲ್ಲಿ ಹೊರಬಂದ ವರದಿ ಆರು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳ ಮಾಹಿತಿಯನ್ನು ಆಧರಿಸಿತ್ತು, ಏಕೆಂದರೆ ಶಾಲೆಗಳ ನಡುವಿನ ಅಂತರ ಎಷ್ಟು, ಕುಟುಂಬದ ಹಿನ್ನೆಲೆಯ ಪಾಲೆಷ್ಟು ಎಂಬುದು ಅದರ ಪ್ರಶ್ನೆಯಾಗಿತ್ತು. ಪಾಲ್ ವಿಲ್ಲಿಸ್ ಅವರು ಇಂಗ್ಲೆಂಡಿನ ಕೈಗಾರಿಕಾ ಪಟ್ಟಣವೊಂದರಲ್ಲಿ ನಡೆಸಿ 1977ರಲ್ಲಿ ಪ್ರಕಟಿಸಿದ ಅಧ್ಯಯನದ ಕೇಂದ್ರದಲ್ಲಿದ್ದವರು ಕಾರ್ಮಿಕ ಕುಟುಂಬಗಳ ಹನ್ನೆರಡು ಹುಡುಗರು. ಶಾಲೆಯನ್ನು ಧಿಕ್ಕರಿಸುತ್ತಲೇ ಆ ಹುಡುಗರು ತಂದೆಯಂದಿರ ಕಾರ್ಖಾನೆ ಕೆಲಸದತ್ತ ಹೇಗೆ ಸಾಗುತ್ತಾರೆ ಎಂಬುದನ್ನು ಅರಿಯಲು ಲಕ್ಷಗಟ್ಟಲೆ ಪ್ರಶ್ನಾವಳಿಗಳು ನೆರವಾಗುತ್ತಿರಲಿಲ್ಲ. ಎರಡೂ ಇಂದಿಗೂ ಚರ್ಚೆಯಲ್ಲಿವೆ. ‘ಸಂಖ್ಯಾಶಾಸ್ತ್ರ ಬರುವುದಿಲ್ಲ, ಆದ್ದರಿಂದ ಸಂದರ್ಶನ ಮಾಡುತ್ತೇನೆ’ ಎಂಬ ತರ್ಕದಿಂದ ವಿಧಾನ ಆರಿಸಿದವರು ಸಂದರ್ಶನವನ್ನೂ ಚೆನ್ನಾಗಿ ಮಾಡಲಾರರು. ಸಂದರ್ಶನ, ವೀಕ್ಷಣೆಗಳನ್ನು ಆಧರಿಸಿದ ಒಳ್ಳೆಯ ಗುಣಾತ್ಮಕ ಸಂಶೋಧನೆಗೆ ಬೇಕಾಗುವ ಟಿಪ್ಪಣಿ, ಸಂಕೇತೀಕರಣ (ಹೇಳಿಕೆಗಳನ್ನು ಗುರುತು ಹಾಕಿ ವಿಷಯವಾರು ವಿಂಗಡಿಸುವುದು), ಮರುಪರಿಶೀಲನೆಗಳ ದುಡಿಮೆ ಅಂಕಿಅಂಶಗಳ ದುಡಿಮೆಗಿಂತ ಕಡಿಮೆಯೇನಲ್ಲ.

ಅಂಕಿಅಂಶಗಳನ್ನು ಆಧರಿಸಿದ ಪರಿಮಾಣಾತ್ಮಕ ವಿಧಾನದತ್ತ ಹೋಗುವವರು ಒಂದು ಸಂಗತಿಯನ್ನು ಮೊದಲೇ ತಿಳಿದಿರಬೇಕು. ನಾಲ್ಕು ಶಾಲೆಗಳಿಂದ ತಲಾ ನೂರು ಮಕ್ಕಳನ್ನು ಆರಿಸಿದರೆ ನಾನೂರು ಸ್ವತಂತ್ರ ಮಾಹಿತಿಗಳು ಸಿಕ್ಕಂತಾಗುವುದಿಲ್ಲ. ಒಂದೇ ಶಾಲೆಯ ಮಕ್ಕಳು ಶಿಕ್ಷಕರನ್ನು, ವಾತಾವರಣವನ್ನು ಹಂಚಿಕೊಳ್ಳುವುದರಿಂದ ಅವರ ಅಂಕಗಳು ಪರಸ್ಪರ ಹೋಲುತ್ತವೆ. ಶಾಲೆ, ತರಗತಿ, ವಿದ್ಯಾರ್ಥಿ ಎಂಬ ಹಂತಗಳನ್ನು ಬೇರ್ಪಡಿಸಿ ಲೆಕ್ಕ ಹಾಕುವ ಬಹುಹಂತದ ವಿಶ್ಲೇಷಣೆ ಶಿಕ್ಷಣ ಸಂಶೋಧನೆಯಲ್ಲಿ ಇಷ್ಟು ಬಳಕೆಯಲ್ಲಿರುವುದು ಇದೇ ಕಾರಣಕ್ಕೆ. ಪ್ರಸ್ತಾವನೆಯಲ್ಲಿ ಈ ಅರಿವು ಎರಡು ವಾಕ್ಯಗಳಲ್ಲಿ ಕಂಡರೂ ಸಾಕು, ಅಭ್ಯರ್ಥಿ ಕ್ಷೇತ್ರವನ್ನು ಬಲ್ಲವರೆಂದು ಓದುವವರಿಗೆ ತಿಳಿಯುತ್ತದೆ.

ನಿಮ್ಮಂತಹ ಹಿನ್ನೆಲೆಯವರನ್ನೇ ಕುರಿತ ಸಂಶೋಧನೆಯನ್ನು ಓದುವಾಗ, ಅದು ‘ಇವರಲ್ಲಿ ಏನಿಲ್ಲ’ ಎಂದಷ್ಟೇ ಪಟ್ಟಿ ಮಾಡುತ್ತಿದೆಯೇ ಎಂದು ಗಮನಿಸಿ. ಅಮೆರಿಕದ ಶಿಕ್ಷಣ ಸಂಶೋಧಕಿ ಟಾರಾ ಯೋಸೊ, ಸಾಂಸ್ಕೃತಿಕ ಬಂಡವಾಳದ ಪರಿಕಲ್ಪನೆಯನ್ನು ಈ ಕೊರತೆಯ ದೃಷ್ಟಿಯಿಂದ ಬಳಸುವುದನ್ನು ವಿಮರ್ಶಿಸಿ 2005ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಅಂಚಿನ ಸಮುದಾಯಗಳ ವಿದ್ಯಾರ್ಥಿಗಳು ಶಾಲೆಗೆ ಬರುವಾಗಲೇ ತರುವ ಆರು ಬಗೆಯ ಸಂಪತ್ತನ್ನು ಗುರುತಿಸಿದರು: ಆಕಾಂಕ್ಷೆ, ಭಾಷೆ, ಕುಟುಂಬ, ಸಾಮಾಜಿಕ ಸಂಬಂಧಗಳು, ಅಪರಿಚಿತ ವ್ಯವಸ್ಥೆಗಳಲ್ಲಿ ದಾರಿ ಹುಡುಕಿಕೊಳ್ಳುವ ಚಾತುರ್ಯ ಮತ್ತು ಪ್ರತಿರೋಧ. ಬೋರ್ದಿಯು ಅವರ ಚೌಕಟ್ಟನ್ನು ಬಳಸುವವರು ಈ ವಿಮರ್ಶೆಯನ್ನೂ ಓದಿರುವುದು ಅಗತ್ಯ. ಒಂದನ್ನೇ ಓದಿ ಬರೆದ ಪ್ರಸ್ತಾವನೆ ತೆಳುವಾಗಿ ಕಾಣುತ್ತದೆ.

ಓದಲು ಸಂಸ್ಥೆಯ ಗ್ರಂಥಾಲಯ ಇಲ್ಲದಿರುವುದು ದೊಡ್ಡ ತೊಡಕೇ, ಆದರೆ ದಾಟಲಾಗದ್ದಲ್ಲ. ಅಮೆರಿಕದ ಶಿಕ್ಷಣ ಇಲಾಖೆ ನಡೆಸುವ ಎರಿಕ್ ಎಂಬ ದತ್ತಸಂಚಯ ಶಿಕ್ಷಣ ಸಂಶೋಧನೆಗೇ ಮೀಸಲಾದದ್ದು, ಅದರ ಹುಡುಕಾಟ ಎಲ್ಲರಿಗೂ ಉಚಿತ. ಗೂಗಲ್ ಸ್ಕಾಲರ್‌ನಲ್ಲಿ ಒಂದು ಒಳ್ಳೆಯ ಲೇಖನ ಸಿಕ್ಕಿದ ಮೇಲೆ ಅದನ್ನು ಉಲ್ಲೇಖಿಸಿದ ನಂತರದ ಲೇಖನಗಳ ಪಟ್ಟಿಯನ್ನು ತೆರೆದರೆ ಚರ್ಚೆ ಈಗ ಎಲ್ಲಿಗೆ ಬಂದಿದೆಯೆಂದು ತಿಳಿಯುತ್ತದೆ. ಹಣ ಕೇಳುವ ಲೇಖನವಾದರೆ ಲೇಖಕರಿಗೇ ಒಂದು ಇಮೇಲ್ ಬರೆದು ಪ್ರತಿ ಕೇಳಬಹುದು. ಇದು ಭಿಕ್ಷೆಯಲ್ಲ, ವಿದ್ವತ್ ಲೋಕದ ನಿತ್ಯದ ವ್ಯವಹಾರ, ಬಹಳ ಲೇಖಕರು ಸಂತೋಷದಿಂದ ಕಳುಹಿಸುತ್ತಾರೆ. ಓದಿದ್ದನ್ನು ಮೊದಲ ದಿನದಿಂದಲೇ ಆಕರಗಳನ್ನು ಜೋಡಿಸಿಡುವ ಜೊಟೆರೊದಂತಹ ಉಚಿತ ತಂತ್ರಾಂಶದಲ್ಲಿ ಸೇರಿಸುತ್ತಾ ಹೋಗಿ.

ಮಾರ್ಗದರ್ಶಕರನ್ನು ಹುಡುಕುವುದು

ವಿಶ್ವವಿದ್ಯಾಲಯದ ಹೆಸರಿಗಿಂತ ಮಾರ್ಗದರ್ಶಕರ ಆಯ್ಕೆ ಮುಖ್ಯವೆಂಬ ಮಾತನ್ನು ಎಲ್ಲರೂ ಹೇಳುತ್ತಾರೆ, ಹೇಗೆ ಆರಿಸಬೇಕೆಂದು ಹೇಳುವವರು ಕಡಿಮೆ. ನೀವು ಓದಿ ಮೆಚ್ಚಿದ ಲೇಖನಗಳ ಕರ್ತೃಗಳಿಂದಲೇ ಹುಡುಕಾಟ ಆರಂಭಿಸಿ. ಕಳೆದ ನಾಲ್ಕೈದು ವರ್ಷಗಳಲ್ಲಿ ಅವರು ಏನನ್ನು ಪ್ರಕಟಿಸಿದ್ದಾರೆ, ಅವರ ವಿದ್ಯಾರ್ಥಿಗಳು ಮಹಾಪ್ರಬಂಧ ಮುಗಿಸಿದ್ದಾರೆಯೇ, ಎಷ್ಟು ವರ್ಷ ಹಿಡಿಯಿತು, ವಿದ್ಯಾರ್ಥಿಗಳ ಹೆಸರು ಲೇಖನಗಳಲ್ಲಿ ಮೊದಲ ಲೇಖಕರಾಗಿ ಬಂದಿದೆಯೇ ಎಂಬುದನ್ನು ನೋಡಿ. ಪ್ರಸಿದ್ಧಿಯ ತುತ್ತತುದಿಯಲ್ಲಿರುವ ಪ್ರಾಧ್ಯಾಪಕರಿಗಿಂತ, ಸಮಯ ಕೊಡಬಲ್ಲ ಮತ್ತು ಇನ್ನೂ ಹತ್ತು ವರ್ಷ ಅಲ್ಲೇ ಇರಬಲ್ಲ ಮಧ್ಯವಯಸ್ಸಿನ ಪ್ರಾಧ್ಯಾಪಕರು ಮನೆಯ ಮೊದಲ ಪದವೀಧರರಿಗೆ ಹೆಚ್ಚು ಪ್ರಯೋಜನಕಾರಿ ಎಂಬುದು ನನ್ನ ಅಭಿಪ್ರಾಯ. ಬರೆದಿಡದ ನಿಯಮಗಳನ್ನು ಕಲಿಸಲು ಪುರುಸೊತ್ತು ಬೇಕು.

ಮೊದಲ ಪತ್ರ ಚಿಕ್ಕದಾಗಿರಲಿ. ನೀವು ಯಾರು, ಅವರ ಯಾವ ಲೇಖನದ ಯಾವ ಅಂಶ ನಿಮ್ಮ ಪ್ರಶ್ನೆಗೆ ಸಂಬಂಧಿಸಿದೆ, ನಿಮ್ಮ ಪ್ರಶ್ನೆ ಏನು, ಮುಂದಿನ ಸಾಲಿಗೆ ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಿದ್ದೀರಾ, ಇಷ್ಟು ಸಾಕು. ಜೊತೆಗೆ ಎರಡು ಪುಟದ ಸ್ವವಿವರ. ನಿಮ್ಮ ಬಡತನದ ಕಥೆ, ‘ತಮ್ಮಂತಹ ಮಹನೀಯರ ಕೈಕೆಳಗೆ’ ಎಂಬ ವಿನಯ, ಒಂದೇ ಪತ್ರವನ್ನು ಇಪ್ಪತ್ತು ಜನರಿಗೆ ಕಳುಹಿಸಿದಂತೆ ಕಾಣುವ ಹೊಗಳಿಕೆ ಇವೆಲ್ಲ ಪತ್ರವನ್ನು ಹಗುರಾಗಿಸುತ್ತವೆ. ಎರಡು ಮೂರು ವಾರ ಉತ್ತರ ಬರದಿದ್ದರೆ ಒಂದು ಸಲ ನೆನಪಿಸಬಹುದು. ಆಮೇಲೂ ಮೌನವಿದ್ದರೆ ಅದನ್ನು ತಿರಸ್ಕಾರವೆಂದು ಎಣಿಸಬೇಕಾಗಿಲ್ಲ. ಇನ್‌ಬಾಕ್ಸ್ ತುಂಬಿರುತ್ತದೆ, ಅಷ್ಟೇ. ಮುಂದಿನವರಿಗೆ ಬರೆಯಿರಿ.

ಉತ್ತರ ಬಂದ ಮೇಲೆ, ಅವರ ಈಗಿನ ವಿದ್ಯಾರ್ಥಿಗಳೊಂದಿಗೆ ಮಾತನಾಡಲು ಅವಕಾಶ ಕೇಳಿ. ತಿಂಗಳಿಗೆ ಎಷ್ಟು ಬಾರಿ ಭೇಟಿ, ಬರೆದ ಅಧ್ಯಾಯಕ್ಕೆ ಟಿಪ್ಪಣಿ ಬರಲು ಎಷ್ಟು ದಿನ, ಶಿಷ್ಯವೇತನ ಸಮಯಕ್ಕೆ ಸರಿಯಾಗಿ ಬರುತ್ತದೆಯೇ, ಯಾರಾದರೂ ಮಧ್ಯದಲ್ಲಿ ಬಿಟ್ಟು ಹೋದರೇ, ಏಕೆ ಎಂಬ ಪ್ರಶ್ನೆಗಳನ್ನು ವಿದ್ಯಾರ್ಥಿಗಳ ಮುಂದೆ ನೇರವಾಗಿಯೇ ಇಡಬಹುದು. ಈ ಮಾತುಕತೆಗೆ ಅವಕಾಶ ಕೊಡಲು ಹಿಂದೇಟು ಹಾಕುವ ಮಾರ್ಗದರ್ಶಕರ ಬಗ್ಗೆ ಎಚ್ಚರವಿರಲಿ.

ಶಿಫಾರಸು ಪತ್ರಗಳ ವಿಷಯದಲ್ಲಿ ದೊಡ್ಡ ಹುದ್ದೆಯವರ ನಾಲ್ಕು ಸಾಲಿಗಿಂತ ನಿಮ್ಮ ಬರಹವನ್ನು ತಿದ್ದಿದ ಅಧ್ಯಾಪಕರ ಒಂದು ಪುಟಕ್ಕೆ ತೂಕ ಹೆಚ್ಚು. ಗಡುವಿಗೆ ಕನಿಷ್ಠ ಒಂದು ತಿಂಗಳ ಮುಂಚೆ ಕೇಳಿಕೊಳ್ಳಿ. ಕೇಳುವಾಗ ನಿಮ್ಮ ಸ್ವವಿವರ, ಪ್ರಸ್ತಾವನೆಯ ಕರಡು, ಅವರ ತರಗತಿಯಲ್ಲಿ ಬರೆದ ಪ್ರಬಂಧ ಮತ್ತು ಗಡುವಿನ ದಿನಾಂಕಗಳನ್ನು ಒಟ್ಟಿಗೆ ಕೊಡಿ. ಪ್ರಾಧ್ಯಾಪಕರಿಗೆ ತೊಂದರೆ ಕೊಡುತ್ತಿದ್ದೇವೆಂಬ ಅಳುಕು ಮೊದಲ ತಲೆಮಾರಿನವರನ್ನು ಬಹಳ ಕಾಡುತ್ತದೆ, ಆದರೆ ಶಿಫಾರಸು ಬರೆಯುವುದು ಅವರ ಉದ್ಯೋಗದ ಭಾಗ.

ಏಕೆ, ಏನನ್ನು ಅಧ್ಯಯನ ಮಾಡಬಯಸುತ್ತೀರೆಂದು ಅರ್ಜಿಯೊಂದಿಗೆ ಬರೆದು ಕೊಡುವ ಉದ್ದೇಶಪತ್ರದಲ್ಲಿ ಹಿನ್ನೆಲೆ ಎಷ್ಟು ಬರಬೇಕೆಂಬ ಗೊಂದಲ ಸಹಜ. ಪ್ರಶ್ನೆ ಎಲ್ಲಿಂದ ಹುಟ್ಟಿತೆಂದು ಒಂದು ಪ್ಯಾರಾದಲ್ಲಿ ಹೇಳಿ ಅಲ್ಲಿಂದ ಓದಿಗೆ, ಮಾಡಿದ ಕೆಲಸಕ್ಕೆ, ಮಾಡಲಿರುವ ಅಧ್ಯಯನಕ್ಕೆ ಸರಿಯಬೇಕು. ಕಷ್ಟಗಳ ಪಟ್ಟಿ ಓದುಗರಲ್ಲಿ ಕನಿಕರ ಹುಟ್ಟಿಸಬಹುದು, ಪ್ರವೇಶ ಸಿಗುವುದು ಮಾತ್ರ ಕೆಲಸದ ಮೇಲಿನ ನಂಬಿಕೆಯಿಂದ. ದುಡಿಯುತ್ತಾ ಓದಿದ್ದರಿಂದ ಒಂದು ಸೆಮಿಸ್ಟರ್‌ನಲ್ಲಿ ಅಂಕ ಕುಸಿದಿದ್ದರೆ ಅದನ್ನು ಎರಡು ವಾಕ್ಯದಲ್ಲಿ ವಿವರಿಸುವುದು ನ್ಯಾಯವೇ.

ಹಣದ ಲೆಕ್ಕ

ಸ್ವಂತ ಹಣದಲ್ಲಿ ಅಥವಾ ಸಾಲ ಮಾಡಿ ಪೂರ್ಣಾವಧಿ ಪಿಎಚ್‌ಡಿಗೆ ಸೇರುವುದನ್ನು, ಮನೆಯಲ್ಲಿ ಬೇರೆ ಆಸರೆ ಇಲ್ಲದವರಿಗೆ, ನಾನು ಶಿಫಾರಸು ಮಾಡುವುದಿಲ್ಲ. ಧನಸಹಾಯದ ಪತ್ರ ಕೈಗೆ ಬಂದಾಗ ಮೊತ್ತವನ್ನಷ್ಟೇ ನೋಡದೆ, ಎಷ್ಟು ವರ್ಷಕ್ಕೆ, ಬೋಧನಾ ಶುಲ್ಕ ಸೇರಿದೆಯೇ, ರಜೆಯ ತಿಂಗಳುಗಳಲ್ಲಿಯೂ ಬರುತ್ತದೆಯೇ, ಆರೋಗ್ಯ ವಿಮೆ ಇದೆಯೇ, ಪ್ರತಿಯಾಗಿ ವಾರಕ್ಕೆ ಎಷ್ಟು ಗಂಟೆ ಪಾಠ ಅಥವಾ ಸಹಾಯಕ ಕೆಲಸ, ಕ್ಷೇತ್ರಕಾರ್ಯದ ಪ್ರಯಾಣವೆಚ್ಚ ಯಾರದು ಎಂಬುದನ್ನು ಓದಬೇಕು. ಮೊದಲ ಶಿಷ್ಯವೇತನ ಸೇರಿದ ದಿನವೇ ಬರುವುದಿಲ್ಲ. ಎರಡು ಮೂರು ತಿಂಗಳ ಖರ್ಚಿಗೆ ಹಣ ಕೈಯಲ್ಲಿರಬೇಕೆಂಬುದನ್ನು ಯಾವ ಪ್ರಕಟಣೆಯೂ ತಿಳಿಸುವುದಿಲ್ಲ.

ಅಮೆರಿಕದಲ್ಲಿ ತಂದೆ ತಾಯಿ ಇಬ್ಬರಿಗೂ ಪದವಿಯಿಲ್ಲದ ವಿದ್ಯಾರ್ಥಿಗಳನ್ನು ಕಾನೂನೇ ಪ್ರತ್ಯೇಕವಾಗಿ ಗುರುತಿಸುತ್ತದೆ. 1986ರ ಚಾಲೆಂಜರ್ ದುರಂತದಲ್ಲಿ ಮಡಿದ ಭೌತವಿಜ್ಞಾನಿ, ಗಗನಯಾತ್ರಿ ರೊನಾಲ್ಡ್ ಮ್ಯಾಕ್‌ನೇರ್ ಅವರ ಹೆಸರಿನ ಸರ್ಕಾರಿ ಕಾರ್ಯಕ್ರಮವು ಅಲ್ಲಿನ ಕಡಿಮೆ ಆದಾಯದ ಮೊದಲ ತಲೆಮಾರಿನ ಪದವಿ ವಿದ್ಯಾರ್ಥಿಗಳನ್ನು ಡಾಕ್ಟರೇಟ್‌ಗೆ ಸಿದ್ಧಪಡಿಸುತ್ತದೆ, ಅದರಲ್ಲಿ ಪಾಲ್ಗೊಂಡವರಿಗೆ ಅನೇಕ ವಿಶ್ವವಿದ್ಯಾಲಯಗಳು ಅರ್ಜಿ ಶುಲ್ಕವನ್ನು ಮನ್ನಾ ಮಾಡುತ್ತವೆ. ಕಾರ್ಯಕ್ರಮದ ಹೊರಗಿನವರೂ ಶುಲ್ಕ ವಿನಾಯಿತಿ ಕೇಳಬಹುದು. ಗಡುವಿಗೆ ಮುಂಚೆ ಪ್ರವೇಶ ಕಚೇರಿಗೆ ಬರೆಯಬೇಕು. ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳು ಸಹಿ ಹಾಕಿರುವ ಒಪ್ಪಂದವೊಂದರ ಪ್ರಕಾರ ಧನಸಹಾಯದ ಪ್ರಸ್ತಾಪಕ್ಕೆ ಏಪ್ರಿಲ್ 15ರ ಮೊದಲು ಉತ್ತರಿಸುವಂತೆ ವಿದ್ಯಾರ್ಥಿಯನ್ನು ಒತ್ತಾಯಿಸುವಂತಿಲ್ಲ. ‘ಈ ವಾರವೇ ತಿಳಿಸಿ’ ಎಂಬ ಇಮೇಲ್ ನೋಡಿ ಗಾಬರಿಯಿಂದ ಒಪ್ಪಿಕೊಂಡು, ಆಮೇಲೆ ಬಂದ ಉತ್ತಮ ಅವಕಾಶವನ್ನು ಬಿಟ್ಟುಕೊಡಬೇಕಾದ ಪ್ರಸಂಗಗಳನ್ನು ಈ ಒಂದು ಮಾಹಿತಿಯಿಂದ ತಪ್ಪಿಸಬಹುದು.

ಮನೆಯವರಿಗೆ ತಿಳಿಸುವ ಕೆಲಸವೂ ಲೆಕ್ಕದ ಭಾಗವೇ. ‘ಇನ್ನೂ ಎಷ್ಟು ಓದುತ್ತೀಯ’ ಎಂಬ ಪ್ರಶ್ನೆಗೆ ಸಿದ್ಧಾಂತದ ಉತ್ತರ ಕೊಟ್ಟು ಉಪಯೋಗವಿಲ್ಲ. ಎಷ್ಟು ವರ್ಷ, ತಿಂಗಳಿಗೆ ಎಷ್ಟು ಹಣ ಬರುತ್ತದೆ, ಅದರಲ್ಲಿ ಮನೆಗೆ ಎಷ್ಟು ಕಳುಹಿಸಲು ಸಾಧ್ಯ, ಮುಗಿದ ಮೇಲೆ ಯಾವ ಕೆಲಸ ಎಂದು ಹೇಳಿದರೆ ಅವರಿಗೂ ಹಿಡಿತ ಸಿಗುತ್ತದೆ. ಪಿಎಚ್‌ಡಿ ಎಂದರೆ ತರಗತಿಯಲ್ಲಿ ಕುಳಿತು ಪಾಠ ಕೇಳುವುದಷ್ಟೇ ಅಲ್ಲ, ಮನೆಯಲ್ಲಿ ಕುಳಿತು ಬರೆಯುವಾಗಲೂ ಅದು ದುಡಿಮೆಯೇ ಎಂಬುದನ್ನು ಮೊದಲೇ ತಿಳಿಸಿಟ್ಟರೆ, ಮುಂದೆ ಪ್ರತಿ ಸಮಾರಂಭಕ್ಕೂ ‘ನಿನಗೇನು ಬಿಡುವೇ ತಾನೆ’ ಎಂಬ ಕರೆ ಬರುವುದು ಸ್ವಲ್ಪವಾದರೂ ಕಡಿಮೆಯಾಗುತ್ತದೆ.

ಸೇರಿದ ಮೇಲಿನ ಮೊದಲ ತಿಂಗಳುಗಳು

ಮೊದಲ ಭೇಟಿಯಲ್ಲಿಯೇ ಮಾರ್ಗದರ್ಶಕರೊಂದಿಗೆ ಕೆಲಸದ ಕ್ರಮವನ್ನು ಮಾತನಾಡಿಕೊಳ್ಳಿ: ಭೇಟಿಯ ಅಂತರ, ಕರಡು ಯಾವ ಸ್ಥಿತಿಯಲ್ಲಿದ್ದರೆ ಕಳುಹಿಸಬಹುದು, ಜಂಟಿ ಲೇಖನವಾದರೆ ಲೇಖಕರ ಹೆಸರಿನ ಕ್ರಮ ಹೇಗೆ. ಪ್ರತಿ ಭೇಟಿಯ ಬಳಿಕ ಒಪ್ಪಿಕೊಂಡ ಸಂಗತಿಗಳನ್ನು ಐದಾರು ಸಾಲಿನ ಇಮೇಲ್‌ನಲ್ಲಿ ಬರೆದು ಕಳುಹಿಸುವುದು ಒಳ್ಳೆಯ ಅಭ್ಯಾಸ. ಮಾರ್ಗದರ್ಶಕರು ಬದಲಾದರೂ ದಾಖಲೆ ಉಳಿಯುತ್ತದೆ.

ಶಿಕ್ಷಣ ಸಂಶೋಧನೆಯಲ್ಲಿ ಮಕ್ಕಳು ಭಾಗವಹಿಸುವುದರಿಂದ ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಅನುಮೋದನೆಗೆ ಹಿಡಿಯುವ ಸಮಯವನ್ನು ಕಡೆಗಣಿಸಬಾರದು. ಅಮೆರಿಕದ ಬೆಲ್ಮಾಂಟ್ ವರದಿ 1979ರಲ್ಲಿ ಮುಂದಿಟ್ಟ ಮೂರು ತತ್ವಗಳಾದ ವ್ಯಕ್ತಿಗೌರವ, ಹಿತ, ನ್ಯಾಯ ಇವು ಇಂದು ಅನೇಕ ಸಮಿತಿಗಳ ಪ್ರಶ್ನೆಗಳ ಹಿಂದಿವೆ. ಪೋಷಕರ ಒಪ್ಪಿಗೆ ಮಾತ್ರವಲ್ಲ, ಮಗುವಿನ ಸಮ್ಮತಿಯನ್ನೂ ಕೇಳಬೇಕಾಗುತ್ತದೆ. ಶಾಲೆಯ ಮುಖ್ಯಸ್ಥರ ಅನುಮತಿ ಇವೆರಡಕ್ಕೂ ಬದಲಿಯಾಗದು. ನೀವು ಪಾಠ ಮಾಡುವ ಶಾಲೆಯಲ್ಲೇ ಅಧ್ಯಯನ ಮಾಡುವುದಾದರೆ, ನಿಮ್ಮ ವಿದ್ಯಾರ್ಥಿಗಳು ‘ಬೇಡ’ ಎನ್ನಲು ನಿಜಕ್ಕೂ ಸ್ವತಂತ್ರರೇ ಎಂದು ಸಮಿತಿ ಕೇಳುತ್ತದೆ. ಬ್ರಿಟಿಷ್ ಶಿಕ್ಷಣ ಸಂಶೋಧನಾ ಸಂಘದ ನೈತಿಕ ಮಾರ್ಗಸೂಚಿ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ, ಅರ್ಜಿ ತುಂಬುವ ಮೊದಲು ಅದನ್ನೊಮ್ಮೆ ಓದಿ. ಶಾಲೆಗಳ ರಜೆ ಮತ್ತು ಪರೀಕ್ಷೆಯ ತಿಂಗಳುಗಳಲ್ಲಿ ಕ್ಷೇತ್ರಕಾರ್ಯ ನಡೆಯುವುದಿಲ್ಲವಾದ್ದರಿಂದ, ಅನುಮತಿ ಎರಡು ತಿಂಗಳು ತಡವಾದರೆ ಕೆಲಸ ಒಂದು ಇಡೀ ಶೈಕ್ಷಣಿಕ ವರ್ಷ ಹಿಂದೆ ಬೀಳಬಹುದು.

ಇನ್ನೊಂದು ದಾಖಲೆಯನ್ನು ಆರಂಭದಲ್ಲಿಯೇ ಓದಿಟ್ಟುಕೊಳ್ಳಬೇಕು: ತಾತ್ಕಾಲಿಕ ವಿರಾಮ ಮತ್ತು ಅವಧಿ ವಿಸ್ತರಣೆಯ ನಿಯಮಗಳು. ಮನೆಯಲ್ಲಿ ಕಾಯಿಲೆ, ದುಡಿಯುವವರ ಕೆಲಸ ಹೋಗುವುದು, ತಮ್ಮ ತಂಗಿಯರ ಹೊಣೆ ಇವು ಮೊದಲ ತಲೆಮಾರಿನವರ ಮೇಲೆ ಬೇಗ ಬಂದು ಬೀಳುತ್ತವೆ, ಅಂಥ ಹೊತ್ತಿನಲ್ಲಿ ಅನೇಕರು ಯಾರಿಗೂ ಹೇಳದೆ ಸುಮ್ಮನೆ ಕೆಲಸ ನಿಲ್ಲಿಸಿಬಿಡುತ್ತಾರೆ. ವಿರಾಮ ಮಂಜೂರಾದರೆ ಆ ತಿಂಗಳುಗಳು ಗರಿಷ್ಠ ಅವಧಿಯ ಲೆಕ್ಕಕ್ಕೆ ಸೇರುವುದಿಲ್ಲವೇ, ಶಿಷ್ಯವೇತನ ನಿಲ್ಲುತ್ತದೆಯೇ ಇಲ್ಲವೇ ಮುಂದಕ್ಕೆ ಹೋಗುತ್ತದೆಯೇ, ವಿದೇಶದಲ್ಲಿದ್ದರೆ ವೀಸಾದ ಸ್ಥಿತಿ ಏನಾಗುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಸಂಶೋಧನಾ ವಿಭಾಗದ ಕಚೇರಿಯಿಂದ ಲಿಖಿತ ಉತ್ತರ ಪಡೆದಿಟ್ಟುಕೊಳ್ಳಿ. ಅರ್ಜಿಯನ್ನು ಕೆಲಸ ನಿಲ್ಲುವ ಮುನ್ನವೇ ಕೊಡಬೇಕು; ಕಳೆದುಹೋದ ತಿಂಗಳುಗಳಿಗೆ ಹಿಂದಿನ ದಿನಾಂಕದಿಂದ ವಿರಾಮ ಪಡೆಯುವುದು ಕಷ್ಟ.